ನನಗೆ ಕಾಣದ ನನ್ನ ಹಿಂದಲೆ

ಮೊನ್ನೆ ಮಾರತ್ತಹಳ್ಳಿಯಿಂದ ಮನೆಗೆ ಬರುವ ಬಸ್ಸಿನಲ್ಲಿ ಕೂತು, ಬೀಗದ ಕೈಗಾಗಿ ವ್ಯಾನಿಟಿ ಬ್ಯಾಗಿನೊಳಗೆ ಕೈಯಾಡಿಸುತ್ತಿದ್ದೆ. ಬೀಗದ ಕೈ ಒಂದು ಬಿಟ್ಟು ಬೇರೆಲ್ಲ ಸಿಕ್ಕಿತು. ಕೊಬ್ಬರಿ ಮಿಠಾಯಿಯ ಚೂರು, ಮುರಿದ ಕ್ಲಿಪ್ಪು, ಯಾವ ದೇವಸ್ಥಾನದ್ದೋ ಒಣ ತುಳಸಿ, ಕೊನೆಗೆ ಮುದುಡಿಕೊಂಡು ನಿಂಬೆಹಣ್ಣಿನಷ್ಟಾಗಿದ್ದ ಒಂದು ನೀಲಿ ಟೋಪಿ. ಈರುಳ್ಳಿ ಸಿಪ್ಪೆಯಂಥ ತೆಳುವಾದ ಬಟ್ಟೆ, ಸುತ್ತ ಎಲಾಸ್ಟಿಕ್. ಒಂದು ದಿನ ಹಾಕಿ ಬಿಸಾಡುವಂಥದ್ದು. ಪಕ್ಕದಲ್ಲಿ ಕೂತಿದ್ದ ಹುಡುಗಿ ಅದನ್ನು ನೋಡಿ, "ಆಂಟಿ, ನೀವು ಆಸ್ಪತ್ರೇಲಿ ಕೆಲ್ಸ ಮಾಡ್ತೀರಾ?" ಎಂದಳು. "ಇಲ್ಲಮ್ಮ, ಫ್ಯಾಕ್ಟ್ರಿ" ಎಂದೆ. ಅವಳಿಗೆ ಆಸಕ್ತಿ ಹೋಯಿತು. ಮತ್ತೆ ಫೋನಿಗೆ ತಲೆ ಬಗ್ಗಿಸಿದಳು.

ನನಗೆ ಮಾತ್ರ ಅದನ್ನು ಮತ್ತೆ ಬ್ಯಾಗಿಗೆ ತುರುಕಲು ಮನಸ್ಸಾಗಲಿಲ್ಲ. ಬಸ್ಸು ಹೇಗೂ ನಿಂತಲ್ಲೇ ನಿಂತಿತ್ತು. ಟೋಪಿಯನ್ನು ತೊಡೆಯ ಮೇಲೆ ಹರವಿ ಸುಕ್ಕು ತೀಡಿದೆ. ಇಂಥ ಟೋಪಿ ಬಹಳ ವರ್ಷ ನನ್ನ ಮಾನ ಕಾಪಾಡಿದೆ. ಒಂದು ಸಲ ಕಳೆಯುವುದರಲ್ಲೂ ಇತ್ತು. ಆ ಕಥೆ ಹೇಳಬೇಕೆಂದರೆ ಮೊದಲು ಟೋಪಿಯ ಒಳಗೆ ಏನಿದೆ ಎಂದು ಹೇಳಬೇಕು.

ಒಳಗಿರುವುದು ಸೋರಿಯಾಸಿಸ್. ನೆತ್ತಿಯಲ್ಲಿ, ಕಿವಿಯ ಹಿಂದೆ, ಹಿಂದಲೆಯಲ್ಲಿ ಚರ್ಮ ಕೆಂಪಾಗಿ ದಪ್ಪಗಾಗುತ್ತದೆ. ಅದರ ಮೇಲೆ ಬೆಳ್ಳಗೆ ಪದರ ಕಟ್ಟಿ ಉದುರುತ್ತದೆ. ಕೆರೆತವನ್ನಂತೂ ಕೇಳಬೇಡಿ. ಇದು ಯಾರಿಗೂ ಅಂಟುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ, ಬರುತ್ತಾ ಹೋಗುತ್ತಾ ಇರುತ್ತದೆ ಎಂದು ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದ್ದರು. "ಚಿಂತೆ ಮಾಡಬೇಡಿ, ಚಿಂತೆ ಮಾಡಿದರೆ ಜಾಸ್ತಿ ಆಗತ್ತೆ" ಎಂದೂ ಹೇಳಿದ್ದರು. ಅಂದಿನಿಂದ, ಅಯ್ಯೋ ಚಿಂತೆ ಮಾಡುತ್ತಿದ್ದೇನಲ್ಲ ಎಂಬ ಚಿಂತೆ ಬೇರೆ ಸೇರಿಕೊಂಡಿತು.

ನನ್ನ ಬೀರುವಿನಲ್ಲಿ ಕಪ್ಪು ರವಿಕೆ ಒಂದೂ ಇಲ್ಲ. ಕಡುನೀಲಿ ಇಲ್ಲ, ಕುಂಕುಮದ ಬಣ್ಣ ಇಲ್ಲ. ಇರುವುದೆಲ್ಲ ಕೆನೆ, ಗಂಧ, ತಿಳಿ ಹಳದಿ. "ಮಂಜುಳಾ, ನಿಂದು ಎಷ್ಟು ಸಾಫ್ಟ್ ಟೇಸ್ಟು" ಎಂದು ಓರಗಿತ್ತಿ ಹೊಗಳಿದಾಗ ಸುಮ್ಮನೆ ನಕ್ಕಿದ್ದೇನೆ. ಬದುಕಿನಲ್ಲಿ ಮುಂದೆ ಬರಬೇಕು ಎಂದು ದೊಡ್ಡವರು ಹೇಳುತ್ತಾರೆ. ನಾನು ಹಿಂದೆ ಇರುವುದಕ್ಕೆ ಹೆಣಗಿದವಳು. ನನ್ನ ಬೆನ್ನ ಹಿಂದೆ ಯಾರೂ ನಿಲ್ಲಬಾರದು, ಅಷ್ಟೇ ನನ್ನ ಸಿದ್ಧಾಂತ. ಬಸ್ಸಿನಲ್ಲಿ ಕೊನೆಯ ಸೀಟು, ಛತ್ರದಲ್ಲಿ ಗೋಡೆಗಾನಿಸಿದ ಕುರ್ಚಿ. ಏಳನೇ ಕ್ಲಾಸಿನ ಗುಂಪು ಫೋಟೋದಲ್ಲಿ, ಕುಳ್ಳಿಯಾದ ನಾನು ಮೇಷ್ಟ್ರ ಕಣ್ಣು ತಪ್ಪಿಸಿ ಉದ್ದುದ್ದ ಹುಡುಗರ ಸಾಲಿಗೆ ಹೋಗಿ ನಿಂತಿದ್ದೆ. ಫೋಟೋದಲ್ಲಿ ನನ್ನ ಹಣೆಯೊಂದೇ ಬಂದಿದೆ. ಈಗಲೂ ನಮ್ಮ ಮನೆಯಲ್ಲಿ ಯಾರಾದರೂ ಆ ಫೋಟೋ ತೆಗೆದರೆ, ನಾನೇ ಬೊಟ್ಟು ಮಾಡಿ, "ಇಗೋ, ಈ ಹಣೆ ನಂದು" ಎಂದು ತೋರಿಸಬೇಕು.

ಅದು ಶುರುವಾದದ್ದೂ ಆ ವರ್ಷವೇ. ಆಗ ಕುಂದಲಹಳ್ಳಿ ಹಳ್ಳಿಯೇ ಆಗಿತ್ತು. ನಮ್ಮಪ್ಪ ಸೊಪ್ಪು ಬೆಳೆಯುತ್ತಿದ್ದರು. ಭಾನುವಾರ ಬೆಳಗ್ಗೆ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು, ಎರಡು ಮೊಣಕಾಲಿನ ನಡುವೆ ಅಲ್ಲಾಡದಂತೆ ಹಿಡಿಯುತ್ತಿದ್ದಳು. ಬಟ್ಟಲಲ್ಲಿ ಬೆಚ್ಚಗಿನ ಹರಳೆಣ್ಣೆ. ಹಂಡೆ ಒಲೆಯ ಹೊಗೆ ಗಾಳಿ ಬೀಸಿದ ಕಡೆಗೆಲ್ಲ ತಿರುಗಿ ನಮ್ಮ ಮುಖಕ್ಕೇ ಬರುತ್ತಿತ್ತು. ಅಮ್ಮ ತೆಂಗಿನ ಹೊಸ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ತುದಿಯನ್ನು ಹಲ್ಲಲ್ಲಿ ಕಚ್ಚಿ ಮೊಂಡು ಮಾಡಿ, ಅದರಿಂದ ಕೂದಲನ್ನು ಸಾಲುಸಾಲಾಗಿ ಸೀಳುತ್ತಿದ್ದಳು. ಅಪ್ಪ ಸೊಪ್ಪಿನ ಮಡಿಯಲ್ಲಿ ಗೆರೆ ಎಳೆದ ಹಾಗೆಯೇ. ಒಂದೊಂದು ಸಾಲಿಗೂ ಬೆರಳ ತುದಿಯಲ್ಲಿ ಎಣ್ಣೆ.

"ನೋಯ್ತದಾ?"

"ಊಂ."

"ಸುಮ್ಕಿರು. ಅಂಗೇ ಕೂತ್ಕೊ. ಆಯ್ತು."

ಆಯ್ತು ಎಂದ ಮೇಲೂ ಅರ್ಧ ಗಂಟೆ ಆಗುತ್ತಿರಲಿಲ್ಲ.

ಊರಿನವರೆಲ್ಲ ಒಂದೊಂದು ಮದ್ದು ಹೇಳಿದರು. ದಾಸವಾಳದ ಸೊಪ್ಪು ಅರೆದು ಹಾಕಿದ್ದಾಯಿತು, ಹುಳಿ ಮೊಸರು ಹಚ್ಚಿದ್ದಾಯಿತು. ಬೇವಿನ ಕಷಾಯದಲ್ಲಿ ತೊಳೆದ ದಿನ ನಾಲಗೆಯ ತುದಿಯವರೆಗೂ ಕಹಿಯಾಗಿತ್ತು. ಪಕ್ಕದ ಮನೆಯ ಮುನಿಯಮ್ಮ ನಿಂಬೆಹಣ್ಣು ಉಜ್ಜಿ ನೋಡು ಎಂದಳು. ಉಜ್ಜಿದೆವು. ನಾನು ಕಿರುಚಿದ್ದು ಕೇಳಿ ಮುನಿಯಮ್ಮನೇ ಓಡಿ ಬಂದು ಯಾರಿಗೆ ಏನಾಯಿತು ಎಂದು ವಿಚಾರಿಸಿದಳು. ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಹೇಳಿದ ಮೇಲೂ ಅಮ್ಮನ ಬಾಯಿಗೆ ಅದು ಬರಲಿಲ್ಲ. ಬಂದು ಹೋಗುವಂಥದ್ದು ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಹಿಡಿದುಕೊಂಡು ಅದಕ್ಕೆ ನೆಂಟ ಎಂದು ಹೆಸರಿಟ್ಟಳು. ಚಳಿಗಾಲ ಬಂತೆಂದರೆ, "ಏನೇ ಮಂಜೀ, ನೆಂಟ ಬಂದ್ನಾ?" ಎನ್ನುವಳು. ಮಳೆಗಾಲದ ಹೊತ್ತಿಗೆ, "ಓದ್ನಾ ಇಲ್ವಾ? ಮಾನಗೆಟ್ಟವ್ನು. ಉಂಡ್ಮೇಲೆ ಎದ್ದೋಗ್ಬೇಕು ತಾನೆ?" ಇಬ್ಬರೂ ನಗುತ್ತಿದ್ದೆವು. ನನ್ನ ತಲೆಯ ವಿಷಯಕ್ಕೆ ನಾನು ನಕ್ಕಿದ್ದೇನಾದರೂ ಇದ್ದರೆ ಆ ಮೆಟ್ಟಿಲ ಮೇಲೆ ಮಾತ್ರ.

ಎಲ್ಲ ಮುಗಿದ ಮೇಲೆ ಅಮ್ಮ ಒಂದು ಕೆಲಸ ಮಾಡುತ್ತಿದ್ದಳು. ಹಿಂದಲೆಯಲ್ಲಿ, ಬಲಗಿವಿಯಿಂದ ಸ್ವಲ್ಪ ಆಚೆ, ಒಂದು ಜಾಗವನ್ನು ತೋರುಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು. ನಾನು ಥಟ್ಟನೆ ಎದ್ದು ಬಚ್ಚಲಿಗೆ ಓಡುತ್ತಿದ್ದೆ. ಮುಗಿಯಿತು, ಏಳು ಎನ್ನುವುದಕ್ಕೆ ಅದು ಗುರುತು. ಮಿಕ್ಕೆಲ್ಲದಕ್ಕೂ ಬಾಯಿ ತುಂಬ ಮಾತಾಡುವವಳು ಇದೊಂದನ್ನು ಯಾಕೆ ಬೆರಳಲ್ಲಿ ಹೇಳುತ್ತಾಳೋ ಎಂದು ಅನ್ನಿಸಿದ್ದುಂಟು. ಕೇಳಲು ಹೋಗಲಿಲ್ಲ.

ವಯಸ್ಸಿಗೆ ಬಂದ ಮೇಲೆ ನಾನು ಮಲ್ಲಿಗೆಯ ಮೊರೆ ಹೋದೆ. ಇದು ನನ್ನದೇ ಸ್ವಂತ ಆವಿಷ್ಕಾರ, ಬೇಕಾದವರು ಉಪಯೋಗಿಸಿಕೊಳ್ಳಬಹುದು. ಮೊಳಗಟ್ಟಲೆ ಮಲ್ಲಿಗೆ ಮುಡಿದರೆ ಹಿಂದಲೆ ಮುಚ್ಚುತ್ತದೆ. ಭುಜದ ಮೇಲೆ ಬೆಳ್ಳಗೆ ಏನಾದರೂ ಬಿದ್ದಿರುವುದನ್ನು ಯಾರಾದರೂ ನೋಡಿದರೆ, "ಥೂ, ಈ ಹೂವು ಎಷ್ಟು ಉದುರತ್ತೆ" ಎಂದು ಕೊಡವಿಕೊಳ್ಳಬಹುದು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಹುಡುಗಿಗೆ ಹೂವೆಂದರೆ ಪ್ರಾಣ ಎಂದುಕೊಂಡು ಹೋದರು. ಪಾಪ, ನಮ್ಮ ಮನೆಯವರು ಇವತ್ತಿಗೂ ಟೆಂಪೋ ಓಡಿಸಿಕೊಂಡು ಬರುವಾಗ ಮರೆಯದೆ ಹೂವು ತರುತ್ತಾರೆ.

ಅವರ ವಿಷಯ ಬಂದ ಮೇಲೆ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಧೈರ್ಯ ಮಾಡಿ ಅವರ ಕೈಗೆ ಮುಲಾಮಿನ ಟ್ಯೂಬು ಕೊಟ್ಟು ತಿರುಗಿ ಕೂತೆ. ಅವರು ಕೂದಲು ಸರಿಸಿದರು. ಆಮೇಲೆ, "ಇಷ್ಟೊಂದಾ!" ಎಂದರು. ಅದರಲ್ಲಿ ಅಸಹ್ಯ ಇರಲಿಲ್ಲ, ಗಾಬರಿ ಇತ್ತು. ಅದು ನನಗೂ ಗೊತ್ತಿತ್ತು. ಆದರೂ ಟ್ಯೂಬು ಇಸಕೊಂಡು, "ಬಿಡಿ, ಅಮ್ಮ ಹಚ್ತಾಳೆ" ಎಂದು ಎದ್ದುಬಿಟ್ಟೆ. ಮತ್ತೆಂದೂ ಅವರ ಮುಂದೆ ತಿರುಗಿ ಕೂರಲಿಲ್ಲ. ಮುಂದಿನ ವಾರ ಮನೆಯ ದಿಂಬಿನ ಕವರುಗಳೆಲ್ಲ ಬದಲಾಗಿದ್ದವು. ನಮ್ಮತ್ತೆ ಕೊಟ್ಟಿದ್ದ ಕರಿನೀಲಿ ಹೂವಿನವು ಹೋಗಿ, ಅಚ್ಚ ಬಿಳಿಯವು ಬಂದಿದ್ದವು. ನಮ್ಮ ಮನೆಯವರದೇ ಕೆಲಸ. ಆ ದಿಂಬಿನ ಮೇಲೆ ತಲೆಯಿಟ್ಟು ಅಂದು ನಾನು ಅತ್ತೆ. ಸಂತೋಷಕ್ಕೋ ಅವಮಾನಕ್ಕೋ ಇವತ್ತಿಗೂ ಬಗೆಹರಿದಿಲ್ಲ.

ಹೀಗಾಗಿ ಭಾನುವಾರ ನನ್ನ ತಲೆ ಅಮ್ಮನದೇ ಆಯಿತು. ತವರು ನಾಲ್ಕು ಬೀದಿಯಾಚೆ. ಹೊಲ ಹೋಗಿ ಸೈಟಾಗಿ, ಹಿತ್ತಲಲ್ಲಿ ಬಾಡಿಗೆ ರೂಮುಗಳು ಎದ್ದು, ಮೆಟ್ಟಿಲು ಮಾತ್ರ ಹೇಗೋ ಉಳಿದಿತ್ತು. ಹರಳೆಣ್ಣೆ ಹೋಗಿ ಡಾಕ್ಟರು ಬರೆದುಕೊಟ್ಟ ಲೋಷನ್ ಬಂತು. ನನಗೇ ಕನ್ನಡಕ ಬಂದ ಮೇಲೂ ಅಮ್ಮನ ಮೊಣಕಾಲ ನಡುವೆ ಹಾಗೇ ಕೂರುತ್ತಿದ್ದೆ. ಕಳೆದ ವರ್ಷ ಅಮ್ಮ ಹೋದಳು. ಹೋಗುವ ಹಿಂದಿನ ಭಾನುವಾರವೂ ನಡುಗುವ ಬೆರಳಲ್ಲೇ ಸಾಲು ಸೀಳಿ, ಕೊನೆಯಲ್ಲಿ ಆ ಜಾಗವನ್ನು ಒತ್ತಿದ್ದಳು. ನಾನೂ ಎಂದಿನ ಹಾಗೆ ಎದ್ದು, ಒಲೆಯ ಮೇಲೆ ಸಾರು ಇಟ್ಟು ಬಂದಿದ್ದೇನೆಂದು ಅವಸರದಲ್ಲಿ ಹೊರಟಿದ್ದೆ.

ತಲೆಯ ಹಿಂಭಾಗ ಎಂಥ ದೂರದ ಊರು ಎಂದು ಆಮೇಲೆ ಗೊತ್ತಾಯಿತು. ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಗೋಡೆಯ ಕನ್ನಡಿಗೆ ಬೆನ್ನು ಹಾಕಿ, ಕೈಗನ್ನಡಿ ಮುಂದೆ ಹಿಡಿದು, ಹಲ್ಲಲ್ಲಿ ಬಾಚಣಿಗೆ ಕಚ್ಚಿಕೊಂಡು ನೋಡಿದೆ. ಎಡಕ್ಕೆ ಹೋಗಬೇಕಾದ ಕೈ ಬಲಕ್ಕೆ ಹೋಗುತ್ತದೆ. ಲೋಷನ್ ಕುತ್ತಿಗೆಗೆ ಇಳಿಯುತ್ತದೆ, ರವಿಕೆಯೊಳಗೆ ಇಳಿಯುತ್ತದೆ, ಒಂದು ಸಲ ನಮ್ಮನೆ ಕ್ಯಾಲೆಂಡರಿನ ಲಕ್ಷ್ಮಿಯ ಮೇಲೂ ಸಿಡಿಯಿತು. ಬೇಕಾದ ಕಡೆಗೆ ಮಾತ್ರ ಹೋಗುವುದಿಲ್ಲ. "ಹಿಂದ್ಗಡೆ ಯಾರಾದ್ರೂ ಹಚ್ಚಲಿ ಮೇಡಂ" ಎಂದರು ಡಾಕ್ಟರು. "ಹೂಂ ಸಾರ್" ಎಂದು ಬಂದೆ. ಮನೆಗೆ ಬಂದು ಮುಂದೆ ಮಾತ್ರ ಹಚ್ಚಿಕೊಂಡು, ಹಿಂದಕ್ಕೆ ದೇವರಿದ್ದಾನೆ ಎಂದು ಬಿಟ್ಟೆ. ದೇವರು ಲೋಷನ್ ಹಚ್ಚಲಿಲ್ಲ. ನೆಂಟ ಹಿಂದಲೆಯಲ್ಲಿ ಸಂಸಾರ ಹೂಡಿದ.

ಈಗ ಟೋಪಿಗೆ ಬರುತ್ತೇನೆ.

ನಮ್ಮ ಫ್ಯಾಕ್ಟರಿ ಇರುವುದು ವೈಟ್‌ಫೀಲ್ಡ್ ಕಡೆ. ಯಂತ್ರಗಳೊಳಗೆ ಕೂರಿಸುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮಾಡುತ್ತೇವೆ. ಬೋರ್ಡಿಗೆ ಎಲ್ಲ ಬಿಡಿಭಾಗ ಕೂರಿಸಿದ ಮೇಲೆ, ಮೇಲೊಂದು ವಾರ್ನಿಶ್‌ನಂಥ ಲೇಪ ಕೊಡುತ್ತಾರೆ. ಆ ಲೇಪದೊಳಗೆ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಬೋರ್ಡು ರಿಜೆಕ್ಟ್. ಅದಕ್ಕೇ ಆ ಕೋಣೆಗೆ ಹೋಗುವ ಮುಂಚೆ ಕೋಟು, ಟೋಪಿ, ಮುಖಕ್ಕೆ ಮಾಸ್ಕು. ಹೂವು ಮುಡಿಯುವಂತಿಲ್ಲ, ಪೌಡರ್ ಹಾಕುವಂತಿಲ್ಲ. ನನ್ನ ಕೆಲಸ ದೀಪವಿರುವ ಭೂತಗನ್ನಡಿಯ ಕೆಳಗೆ ಬೋರ್ಡುಗಳನ್ನಿಟ್ಟು ಬಿಳಿ ಚುಕ್ಕೆಗಳನ್ನು ಹುಡುಕುವುದು. ಮನೆಯಲ್ಲಿ ಬಿಳಿ ಚುಕ್ಕೆಗಳನ್ನು ಬಚ್ಚಿಡುವವಳಿಗೆ ಅದನ್ನು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ ನೋಡಿ. ಆದರೆ ಟೋಪಿಯೊಳಗೆ ನಾನು ಎಲ್ಲರಂತಾಗುತ್ತಿದ್ದೆ. ಅಲ್ಲಿ ಯಾರ ಕೂದಲು ದಟ್ಟ, ಯಾರದು ನರೆತದ್ದು, ಯಾರ ತಲೆಯಲ್ಲಿ ನೆಂಟರಿದ್ದಾರೆ, ಒಂದೂ ತಿಳಿಯುವುದಿಲ್ಲ. ಎಲ್ಲರೂ ನೀಲಿ ಬುರುಡೆಗಳು. ನನ್ನ ಹಿಂದೆ ಸಾಲುಗಟ್ಟಿ ಜನ ಕೂತಿದ್ದರೂ ಹೆದರಿಕೆಯಾಗದ ಒಂದೇ ಜಾಗ ಅದು.

ಒಂದೇ ತೊಡಕೆಂದರೆ ಜೋಡಿ ತಪಾಸಣೆ. ಬಾಗಿಲು ದಾಟುವ ಮೊದಲು ಇಬ್ಬಿಬ್ಬರು ಒಬ್ಬರ ಟೋಪಿಯನ್ನೊಬ್ಬರು ನೋಡಬೇಕು. ಕತ್ತಿನ ಹತ್ತಿರ ಕೂದಲು ಹೊರಗೆ ಬಂದಿದ್ದರೆ ಒಳಗೆ ಸೇರಿಸಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ನಾವು ಹೆಂಗಸರು ತಲೆ ನೋಡೋದು ಎನ್ನುತ್ತೇವೆ. ನನ್ನ ಹಳೆಯ ಜೋಡಿ ಸರೋಜಾ ನನ್ನನ್ನು ನೋಡದೆಯೇ "ಓಕೆ" ಎನ್ನುತ್ತಿದ್ದಳು. ಅಂಥ ಒಳ್ಳೆಯ ಹೆಂಗಸು ಬೇರೆ ಪಾಳಿಗೆ ಹೋದಳು. ಅವಳ ಜಾಗಕ್ಕೆ ನೀಲವ್ವ ಬಂದಳು.

ನೀಲವ್ವ ಬಾಗಲಕೋಟೆ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಶೀಟಿನ ರೂಮಿನಲ್ಲಿ ಬಾಡಿಗೆಗಿದ್ದಾರೆ. ಮೂವತ್ತು ದಾಟಿಲ್ಲ, ಆದರೆ ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ. ಮೊದಲ ದಿನವೇ, "ಅಕ್ಕಾರ, ತಿರುಗ್ರಿ" ಎಂದು ನನ್ನ ಟೋಪಿಯ ಎಲಾಸ್ಟಿಕ್ಕಿನೊಳಕ್ಕೆ ಬೆರಳು ಹಾಕಿಬಿಟ್ಟಳು. ಬಿಸಿ ತಾಗಿದವಳಂತೆ ಹಾರಿದೆ.

"ಯಾಕ್ರಿ? ಕಚಗುಳಿ ಆತೇನು?"

"ಹೂಂ" ಎಂದೆ. ಅಂದಿನಿಂದ ಅವಳಿಗಿಂತ ಮುಂಚೆ ಹೋಗಿ, ಕನ್ನಡಿಯ ಮುಂದೆ ಟೋಪಿಯನ್ನು ಹುಬ್ಬಿನಿಂದ ಕತ್ತಿನವರೆಗೆ ಎಳೆದು ಬಿಗಿದು, ಅವಳು ಬಂದ ಕೂಡಲೇ "ನಂದಾಯ್ತು, ನಿಂದು ತೋರ್ಸು" ಎನ್ನತೊಡಗಿದೆ.

ಹೀಗಿರುವಾಗ ಬೋರ್ಡುಗಳಲ್ಲಿ ಬಿಳಿ ಚುಕ್ಕೆ ಬರತೊಡಗಿತು. ಒಂದು ಶುಕ್ರವಾರ ಭೂತಗನ್ನಡಿಯ ಕೆಳಗೆ ಮೊದಲು ಕಂಡದ್ದು ನನಗೇ. ಲೇಪದೊಳಗೆ ಸಣ್ಣಗೆ, ಬೂದುಬಿಳುಪಾಗಿ, ಪುಡಿಪುಡಿಯಾಗಿ. ಮುಂದಿನ ಬೋರ್ಡಿನಲ್ಲೂ ಇತ್ತು. ಅದರ ಮುಂದಿನದರಲ್ಲೂ. ಟೋಪಿಯ ಅಂಚಿಗೆ ಕೈ ಹೋಯಿತು. ಸೂಪರ್‌ವೈಸರ್ ಕೃಷ್ಣಪ್ಪನವರು ಬಂದು ನೋಡಿ, ತಟ್ಟೆಗಟ್ಟಲೆ ಬೋರ್ಡುಗಳನ್ನು ಪಕ್ಕಕ್ಕೆ ಇಡಿಸಿದರು. ಹೊಸಕೋಟೆ ಕಡೆಯವರು, ಸಾಧು ಮನುಷ್ಯ. ಅವತ್ತು ಸಂಜೆ ಎಲ್ಲರನ್ನೂ ನಿಲ್ಲಿಸಿ, "ಯಾರ್ದೋ ತಲೆ ಹೊಟ್ಟು ಬೀಳ್ತಾ ಇರ್ಬೇಕು ಕಣ್ರಮ್ಮ. ಟೋಪಿ ಸರಿಯಾಗ್ ಹಾಕ್ಕೊಳ್ಳಿ" ಎಂದರು. ಅವರು ಯಾರನ್ನೂ ನೋಡಿ ಹೇಳಲಿಲ್ಲ. ನನಗೆ ಮಾತ್ರ ಇಡೀ ಸಾಲು ನನ್ನ ಕಡೆ ತಿರುಗಿದಂತೆ ಕಂಡಿತು.

ಮರುದಿನದಿಂದ ಎರಡು ಟೋಪಿ ಹಾಕಿದೆ. ಒಂದರ ಮೇಲೊಂದು. ಸೆಕೆ, ಬೆವರು, ಕೆರೆತ. ಒಳಗೆ ತಲೆ ಮುಟ್ಟಿಕೊಳ್ಳುವಂತಿಲ್ಲ. ಹಲ್ಲು ಕಚ್ಚಿ ಕೂತಿರುತ್ತಿದ್ದೆ. ತಡೆಯಲಾರದೆ ಪೆನ್ನಿನ ಹಿಂಬದಿಯಿಂದ ಟೋಪಿಯ ಮೇಲೆ ಮೆಲ್ಲಗೆ ಕುಟ್ಟಿಕೊಳ್ಳುತ್ತಿದ್ದೆ.

"ಅಕ್ಕಾರ, ಎರಡ ಟೊಪ್ಪಿಗಿ ಯಾಕ್ರಿ?" ನೀಲವ್ವ ಕೇಳಿದಳು.

"ಎಸಿ ಜಾಸ್ತಿ ಕಣೆ. ಶೀತ."

ಅವಳು ನನ್ನ ಹಣೆಯ ಬೆವರನ್ನೇ ನೋಡಿದಳು.

ವಾರವೆಲ್ಲ ಒಂದು ಚುಕ್ಕೆಯೂ ಇಲ್ಲ. ಎರಡನೇ ಟೋಪಿ ಕೆಲಸ ಮಾಡಿತು ಎಂದು ಹಿಗ್ಗಿದೆ. ಶುಕ್ರವಾರ ಮತ್ತೆ ಬಂತು. ಆಗ ನನ್ನ ಧೈರ್ಯ ಪೂರ್ತಿ ಕುಸಿಯಿತು. ನೀಲವ್ವನೋ ಮತ್ತೊಬ್ಬರೋ ಬೈಸಿಕೊಳ್ಳುವುದು ಬೇಡ, ನಾನೇ ಹೇಳಿಬಿಡುತ್ತೇನೆ, ಹೊರಗಿನ ಪ್ಯಾಕಿಂಗಿಗೆ ಹಾಕಲಿ ಎಂದು ತೀರ್ಮಾನ ಮಾಡಿದೆ. ಆದರೆ ಆ ಕೋಣೆ ಬಿಟ್ಟರೆ ಟೋಪಿಯೂ ಹೋಗುತ್ತದೆ. ಬೆನ್ನ ಹಿಂದೆ ಜನರಿದ್ದರೂ ನೆಮ್ಮದಿಯಾಗಿ ಕೂರಬಲ್ಲ ಆ ಒಂದು ಜಾಗ ನನ್ನ ಪಾಲಿಗೆ ಇಲ್ಲವಾಗುತ್ತದೆ. ಊಟದ ಹೊತ್ತಿನಲ್ಲಿ ಕೃಷ್ಣಪ್ಪನವರ ಮೇಜಿನ ಮುಂದೆ ಹೋಗಿ ನಿಂತೆ.

"ಸಾರ್, ಅದು ನಂದು."

"ಏನಮ್ಮ ನಿಂದು?"

"ಆ ಬಿಳೀದು. ನನ್ ತಲೇದು." ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ, ಅಂಟುವುದಿಲ್ಲ ಎಂದೆ, ಬೇಕಾದರೆ ಡಾಕ್ಟರ ಚೀಟಿ ತರುತ್ತೇನೆ ಎಂದೆ, ಪ್ಯಾಕಿಂಗಿಗೆ ಹೋಗುತ್ತೇನೆ ಎಂದೆ.

ಕೃಷ್ಣಪ್ಪನವರು ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ನೋವಾಗತ್ತಾ ಮಂಜುಳಮ್ಮ?" ಎಂದರು.

ಇಷ್ಟು ವರ್ಷದಲ್ಲಿ ಈ ವಿಷಯ ತಿಳಿದ ಹೊರಗಿನವರು ಮೊದಲು ಕೇಳುತ್ತಿದ್ದದ್ದು ಅಂಟತ್ತಾ ಎಂದು. ನೋವಾಗುತ್ತದಾ ಎಂದು ಕೇಳುತ್ತಿದ್ದವಳು ಅಮ್ಮ ಒಬ್ಬಳೇ. ಹೌದೆಂದು ತಲೆಯಾಡಿಸಿದೆ.

ಅವರು ಡಬ್ಬಿ ಮುಚ್ಚಿಟ್ಟರು. "ಚುಕ್ಕೆ ಬಂದಿದ್ದು ಹೋದ ಶುಕ್ರವಾರ ಅಲ್ವಾ? ಮತ್ತೆ ಇವತ್ತು. ಇವತ್ತೂ ಶುಕ್ರವಾರ." ಇದ್ದಕ್ಕಿದ್ದಂತೆ ಅವರು, "ಅಯ್ಯೋ ಶಿವನೇ" ಎನ್ನುತ್ತಾ ಎದ್ದರು. "ಬಾಮ್ಮ ಇಲ್ಲಿ."

ಕೋಟು ಟೋಪಿ ಹಾಕಿಕೊಂಡು ಒಳಗೆ ಹೋದೆವು. ಅವರು ಲೇಪ ಹಾಕುವ ಮಿಷನ್ನಿನ ಹಿಂದೆ ಬಗ್ಗಿ, ಫ್ಯಾನಿನ ಪಕ್ಕದ ಪುಟ್ಟ ಬಾಗಿಲು ತೆಗೆದರು. ಒಳಗೆ, ಬಾಗಿಲ ಹಿಂಬದಿಯಲ್ಲಿ, ಮೂರು ಬೆರಳಲ್ಲಿ ಎಳೆದ ವಿಭೂತಿ. ಹೊಸದಾಗಿ ಎಳೆದದ್ದು. ಕೆಳಗೆಲ್ಲ ಪುಡಿ ಉದುರಿತ್ತು.

"ಈ ಮಿಷನ್ ಬಂದ ಹೊಸದ್ರಲ್ಲಿ ದಿನಾ ಕೈ ಕೊಡ್ತಿತ್ತು ಕಣಮ್ಮ. ಪೂಜೆ ಮಾಡಿಸ್ದೆ, ಸರಿಹೋಯ್ತು. ಆಮೇಲೆ ಒಳಗಡೆ ಪೂಜೆ ಗೀಜೆ ಏನೂ ಮಾಡಂಗಿಲ್ಲ ಅಂತ ರೂಲ್ಸ್ ಬಂತು. ನಂಗೆ ಮನಸ್ಸು ತಡೀಲಿಲ್ಲ. ಶುಕ್ರವಾರ ಬೆಳಗ್ಗೆ ಯಾರೂ ಬರೋಕ್ ಮುಂಚೆ ಒಂಚೂರು ಹಚ್ಚಿಬಿಡ್ತೀನಿ. ಇಷ್ಟು ದಿನ ಫ್ಯಾನು ಆ ಕಡೆ ಊದ್ತಿತ್ತು. ಹದಿನೈದು ದಿನದ ಹಿಂದೆ ಸರ್ವಿಸ್‌ನವರು ಬದಲಾಯಿಸಿ ಹೋದ್ರಲ್ಲ, ಈ ಕಡೆ ಊದ್ತಾ ಇದೆ." ಅವರು ವಿಭೂತಿಯನ್ನೂ ನನ್ನನ್ನೂ ನೋಡಿದರು. "ನಿನ್ ತಲೆ ಅಲ್ಲಮ್ಮ ಅದು. ನನ್ ಭಕ್ತಿ."

ಎರಡು ಟೋಪಿಯೊಳಗಿಂದ ನನಗೆ ನಗು ಬಂತು. ಅವರಿಗೂ ಬಂತು. ಮಾಸ್ಕಿನ ಒಳಗೇ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರು ಮ್ಯಾನೇಜರ ಹತ್ತಿರ ತಾವೇ ಹೋಗಿ ಹೇಳಿದರು, ಚೆನ್ನಾಗಿ ಬೈಸಿಕೊಂಡೂ ಬಂದರು. ಈಗ ಶುಕ್ರವಾರ ಬೆಳಗ್ಗೆ ಗಾಜಿನ ಗೋಡೆಯ ಹೊರಗೆ ನಿಂತು ಮಿಷನ್ನಿಗೆ ಕೈಮುಗಿಯುತ್ತಾರೆ. ಮಿಷನ್ನು ಏನೂ ಬೇಜಾರು ಮಾಡಿಕೊಂಡಿಲ್ಲ.

ಅವತ್ತು ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಎರಡೂ ಟೋಪಿ ಕಿತ್ತು ಬುಟ್ಟಿಗೆ ಹಾಕಿ ಬೆಂಚಿನ ಮೇಲೆ ಕುಸಿದೆ. ಹಿಂದೆ ಗೋಡೆ ಇದೆಯೋ ಇಲ್ಲವೋ ನೋಡುವುದೂ ಮರೆತುಹೋಗಿತ್ತು. ಇರಲಿಲ್ಲ. ನೀಲವ್ವ ನಿಂತಿದ್ದಳು.

"ಅಕ್ಕಾರ, ಒಂದ ಮಾತ ಕೇಳ್ಲಿ?"

ನಾನು ಗಟ್ಟಿಯಾಗಿ ಬೆಂಚು ಹಿಡಿದುಕೊಂಡೆ. ಏನು ಕೇಳುತ್ತಾಳೆ ಎಂದು ಗೊತ್ತಿತ್ತು. ಕೇಳಲಿ ಬಿಡು ಎಂದುಕೊಂಡೆ.

"ಮುಂದ ಎಲ್ಲಾ ಔಷಧ ಹಚ್ಚೀರಿ. ಹಿಂದ ಏನೂ ಮುಟ್ಟೇ ಇಲ್ಲ." ಅವಳ ದನಿ ಮೆತ್ತಗಾಯಿತು. "ಹಿಂದ ಹಚ್ಚಾವ್ರು ಯಾರೂ ಇಲ್ಲೇನ್ರಿ?"

ಅಮ್ಮ ಹೋದ ಮೇಲೆ ಎಷ್ಟೋ ಜನ ಬಂದು ಎಷ್ಟೋ ಸಮಾಧಾನ ಹೇಳಿದ್ದರು. ನಾನು ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿದ್ದೆ. ಆ ಬೆಂಚಿನ ಮೇಲೆ ಮಾತ್ರ, ಆ ಒಂದು ಪ್ರಶ್ನೆಗೆ, ಮಗುವಿನ ಹಾಗೆ ಅತ್ತುಬಿಟ್ಟೆ. ಹೌದು, ಯಾರೂ ಇಲ್ಲ. ಇದ್ದವಳು ಹೋದಳು. ನೀಲವ್ವ ಗಾಬರಿಯಾಗಿ ತನ್ನ ದುಪಟ್ಟಾದ ತುದಿ ಕೊಟ್ಟಳು. "ಅಳಬ್ಯಾಡ್ರಿ. ಐತವಾರ ಬರ್ತೀನಿ ತಗೋರಿ. ನಮ್ಮವ್ವನ ತಲಿ ನಾನ ನೋಡ್ತಿದ್ದೆ, ಊರಾಗ ಇದ್ದಾಗ. ಕೈಗೆ ಈಗ ಕೆಲಸ ಇಲ್ದಂಗ ಆಗೇತಿ" ಎಂದಳು.

ಭಾನುವಾರ ನಿಜವಾಗಿಯೂ ಬಂದಳು. ಅವಳು ಬರುವ ಮೊದಲು ನಾನು ಮನೆಯನ್ನು ಗುಡಿಸಿ, ಒರೆಸಿ, ತಲೆನೋವು ಎಂದು ಹೇಳಿ ಕಳಿಸಿಬಿಡೋಣವೇ ಎಂದು ಹತ್ತು ಸಲ ಯೋಚಿಸಿ, ಕೊನೆಗೆ ಅವಲಕ್ಕಿ ಒಗ್ಗರಣೆ ಹಾಕಿದ್ದೆ. ನಮ್ಮ ಮನೆಯವರು ವಿಷಯ ತಿಳಿದು ವರಾಂಡದಲ್ಲಿ ಬೆಳಕು ಚೆನ್ನಾಗಿ ಬರುವ ಕಡೆ ಕುರ್ಚಿ ಹಾಕಿ, ಅದರ ಮುಂದೆ ಮಣೆ ಇಟ್ಟು, ಹೂವು ತರುತ್ತೇನೆಂದು ಆಚೆ ಹೋದರು.

ಮಣೆಯ ಮೇಲೆ ಕೂತೆ. ಬೆನ್ನ ಹಿಂದೆ ನೀಲವ್ವ. ಕಣ್ಣು ಮುಚ್ಚಿಕೊಂಡೆ. 'ಇಷ್ಟೊಂದಾ' ಎಂಬ ಮಾತಿಗೆ ಕಾದೆ. ಅವಳು ತನ್ನ ಮುಡಿಯಿಂದ ಪಿನ್ನು ತೆಗೆದು ಅದರ ಬೆನ್ನಿನಿಂದ ಕೂದಲನ್ನು ಸಾಲುಸಾಲಾಗಿ ಸೀಳತೊಡಗಿದಳು. ಊರಿನಲ್ಲಿ ಈ ಸಲ ಮಳೆ ಚೆನ್ನಾಗಿ ಆಯಿತಂತೆ, ಗಂಡನಿಗೆ ಇಲ್ಲಿಯ ಮುದ್ದೆ ಒಗ್ಗುವುದಿಲ್ಲವಂತೆ, ಜೋಳ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದೆಲ್ಲ ಹೇಳುತ್ತಾ ಕೇಳುತ್ತಾ ಲೋಷನ್ ಹಚ್ಚಿದಳು. ತಣ್ಣಗೆ, ಒಂದೊಂದು ಸಾಲಿಗೂ. ನಾನು "ಊಂ", "ಹೂಂ" ಎನ್ನುತ್ತಿದ್ದೆ. ಯಾವಾಗ ಹೆಗಲು ಸಡಿಲವಾಯಿತೋ ಗೊತ್ತಾಗಲಿಲ್ಲ.

ಹಿಂದಲೆಗೆ ಬಂದವಳು ಅಲ್ಲಿ ತಡೆದಳು. ಬಲಗಿವಿಯಿಂದ ಸ್ವಲ್ಪ ಆಚೆ, ಒಂದು ಜಾಗವನ್ನು ತೋರುಬೆರಳಿನಿಂದ ಮೆಲ್ಲಗೆ ಒತ್ತಿದಳು.

ನಾನು ಥಟ್ಟನೆ ಎದ್ದು ನಿಂತೆ.

"ಎಲ್ಲಿ ಹೊಂಟ್ರಿ?" ನೀಲವ್ವ ನಕ್ಕಳು. "ಇಲ್ಲೊಂದು ಮಚ್ಚಿ ಐತಿ ನೋಡ್ರಿ ಅಕ್ಕಾರ. ಎಳ್ಳಿನಷ್ಟ. ಎಷ್ಟ ಚಂದ ಐತಿ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅಮ್ಮ ನನಗೆ ಏಳು ಎಂದು ಒಂದು ದಿನವೂ ಹೇಳಿರಲಿಲ್ಲ. ಆ ಕೆಂಪು ಬಿಳುಪಿನ ನಡುವೆಯೂ ತನ್ನ ಮಗಳ ಮಚ್ಚೆ ಇದ್ದ ಹಾಗೇ ಇದೆಯಲ್ಲ ಎಂದು ಪ್ರತಿ ಭಾನುವಾರ ಮುಟ್ಟಿ ನೋಡುತ್ತಿದ್ದಳು. ನಾನೇ ಪ್ರತಿ ಸಲ ಎದ್ದು ಓಡುತ್ತಿದ್ದೆ.

"ಕುಂದರ್ರಿ, ಇನ್ನ ಮುಗಿದಿಲ್ಲ" ಎಂದಳು ನೀಲವ್ವ.

ನಾನು ಮತ್ತೆ ಕೂತೆ. "ಆ ಮಚ್ಚೆ ಎಲ್ಲಿದೆ ಅಂದೆ? ಇನ್ನೊಂದ್ಸಲ ತೋರ್ಸು" ಎಂದೆ.